ಟ್ಯಾಂಕಿಗೆ ದಾರಿ ತೆರೆದ ದಳಪತಿ
ಮೇಜರ್ ಜನರಲ್ ಸರ್ ಪರ್ಸಿ ಹೋಬಾರ್ಟರ ಜೀವನ

2022ರಲ್ಲಿ ಉಕ್ರೇನಿನ ಮಹಾಯುದ್ಧವು ಆರಂಭವಾದಂದಿನಿಂದ ಒಂದು ಪ್ರಶ್ನೆಯು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡಿದೆ. ಐವತ್ತು ಅರವತ್ತು ಟನ್ನು ತೂಗುವ ಭಾರೀ ಟ್ಯಾಂಕಿಗೆ ಇನ್ನು ಮುಂದೆ ಸಮರಾಂಗಣದಲ್ಲಿ ಸ್ಥಾನವುಂಟೇ ಎಂಬುದೇ ಆ ಪ್ರಶ್ನೆ. ಅಲ್ಪ ಬೆಲೆಯ ಡ್ರೋನೊಂದು ಆಕಾಶದಿಂದ ಎರಗಿ ಕೋಟಿಗಟ್ಟಲೆ ರೂಪಾಯಿ ಬೆಲೆಬಾಳುವ ಉಕ್ಕಿನ ಯಂತ್ರವನ್ನು ಸುಟ್ಟುಹಾಕುವ ಚಿತ್ರಗಳನ್ನು ಕಂಡವರಿಗೆ ಈ ಸಂಶಯವು ಬರುವುದು ಸಹಜ. ಆದರೆ ಸಂಶಯವೇನೂ ಹೊಸದಲ್ಲ. ಟ್ಯಾಂಕು ಹುಟ್ಟಿದಷ್ಟೇ ಹಳೆಯದು. ಆ ಪ್ರಶ್ನೆಯೊಂದಿಗೆ ಬದುಕಿನುದ್ದಕ್ಕೂ ಸೆಣಸಿ, ತಾವೂ ತಪ್ಪು ಮಾಡಿ, ಕೆಲಸವನ್ನು ಕಳೆದುಕೊಂಡು, ಮತ್ತೆ ಎದ್ದು ನಿಂತು ಅದಕ್ಕೊಂದು ಉತ್ತರವನ್ನು ಕಂಡುಕೊಂಡ ದಳಪತಿಯೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನೈನಿತಾಲಿನ ಶಿಶು

ಪರ್ಸಿ ಕ್ಲೆಗ್‌ಹಾರ್ನ್ ಸ್ಟಾನ್ಲಿ ಹೋಬಾರ್ಟರು ಜನಿಸಿದ್ದು ನಮ್ಮ ದೇಶದಲ್ಲಿಯೇ. ಹಿಮಾಲಯದ ತಪ್ಪಲಿನ ನೈನಿತಾಲಿನಲ್ಲಿ, 1885ನೆಯ ಇಸವಿಯ ಜೂನ್ 14ರಂದು. ತಂದೆಯು ಇಂಡಿಯನ್ ಸಿವಿಲ್ ಸರ್ವಿಸಿನಲ್ಲಿ ಅಧಿಕಾರಿಯಾಗಿದ್ದರು, ತಾಯಿಯು ಐರ್ಲೆಂಡಿನವರು. ಬಾಲಕನ ವಿದ್ಯಾಭ್ಯಾಸವು ಇಂಗ್ಲೆಂಡಿನಲ್ಲಿ ನಡೆಯಿತು. ವುಲಿಚ್ಚಿನ ಸೈನಿಕ ವಿದ್ಯಾಲಯವನ್ನು ಮುಗಿಸಿ 1904ರಲ್ಲಿ ರಾಯಲ್ ಇಂಜಿನಿಯರ್ಸ್ ದಳವನ್ನು ಸೇರಿದ ತರುಣನು ಕೆಲಕಾಲದಲ್ಲಿಯೇ ಹುಟ್ಟಿದ ನಾಡಿಗೆ ಹಿಂದಿರುಗಿ, ರೂರ್ಕಿಯಲ್ಲಿ ನೆಲೆಯಿದ್ದ ಬಂಗಾಳದ ಸ್ಯಾಪರ್ಸ್ ಮತ್ತು ಮೈನರ್ಸ್ ದಳದಲ್ಲಿ ಸೇವೆಗೆ ನಿಂತನು.

ಸ್ಯಾಪರುಗಳ ಕೆಲಸವೇನೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಸೈನ್ಯವು ನಡೆಯುವುದಕ್ಕೆ ಮುಂಚೆ ಹಾದಿಯನ್ನು ಕಡಿಯುವವರು, ಹೊಳೆಗೆ ಸೇತುವೆ ಕಟ್ಟುವವರು, ಶತ್ರುವು ಒಡ್ಡಿದ ಅಡ್ಡಗೋಡೆಯನ್ನು ಸಿಡಿಮದ್ದಿನಿಂದ ಉರುಳಿಸುವವರು ಅವರೇ. ವಿಜಯದ ವರ್ಣನೆಯಲ್ಲಿ ಅವರ ಹೆಸರು ಬರುವುದು ಅಪರೂಪ. ಹೋಬಾರ್ಟರು ಕಲಿತ ಮೊದಲ ವಿದ್ಯೆ ಇದು. ನಡುವೆ ಅದನ್ನು ಅವರು ಬಹುಮಟ್ಟಿಗೆ ಮರೆತರು. ಕೊನೆಗೆ ಅದೇ ಅವರನ್ನು ಕಾಪಾಡಿತು.

1914ರ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿಯೂ ಬಳಿಕ ಮೆಸೊಪೊಟೇಮಿಯದಲ್ಲಿಯೂ ಕಾದಿದರು. 1915ರಲ್ಲಿ ನವ್ ಶಪೆಲ್ ಕದನದಲ್ಲಿ ತೋರಿದ ಧೈರ್ಯಕ್ಕೆ ಮಿಲಿಟರಿ ಕ್ರಾಸ್ ಪದಕವು ಲಭಿಸಿತು. 1918ರ ಮಾರ್ಚಿನಲ್ಲಿ ಅವರು ಕುಳಿತಿದ್ದ ವಿಮಾನವನ್ನು ತುರ್ಕರು ಹೊಡೆದುರುಳಿಸಿ ಅವರನ್ನು ಸೆರೆಹಿಡಿದರು. ಕೆಲವೇ ದಿನಗಳಲ್ಲಿ ಬ್ರಿಟಿಷರ ಕವಚಧಾರಿ ಮೋಟಾರುಗಳು ಶತ್ರುಪ್ರದೇಶದೊಳಕ್ಕೆ ನುಗ್ಗಿಬಂದು ಅವರನ್ನು ಬಿಡಿಸಿಕೊಂಡು ಹೋದವು. ಉಕ್ಕಿನ ಕವಚ ಮತ್ತು ಮೋಟಾರಿನ ವೇಗ ಇವೆರಡೂ ಕೂಡಿದರೆ ಏನಾಗಬಲ್ಲುದೆಂಬುದನ್ನು ಹೋಬಾರ್ಟರು ಹೀಗೆ ತಮ್ಮ ಪ್ರಾಣದ ಬೆಲೆಯಿಂದಲೇ ಅರಿತುಕೊಂಡರು.

ಹೊಸ ಯಂತ್ರದ ಆರಾಧನೆ

ಟ್ಯಾಂಕು ಮೊತ್ತಮೊದಲು ರಣರಂಗಕ್ಕೆ ಇಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ನದಿಯ ಪ್ರದೇಶದಲ್ಲಿ. ತೂಕ ಸುಮಾರು 28 ಟನ್ನು. ನಡಿಗೆ ಮನುಷ್ಯನ ಕಾಲ್ನಡಿಗೆಗಿಂತ ಹೆಚ್ಚಲ್ಲ. ಅನೇಕವು ಕಾಳಗಕ್ಕೆ ಮುನ್ನವೇ ಕೆಟ್ಟು ನಿಂತವು. 1917ರ ನವೆಂಬರಿನಲ್ಲಿ ಕಾಂಬ್ರೆಯ ಬಳಿ 400ಕ್ಕೂ ಹೆಚ್ಚು ಟ್ಯಾಂಕುಗಳು ಒಟ್ಟಾಗಿ ನುಗ್ಗಿದಾಗಲೇ ಅವುಗಳ ಸಾಮರ್ಥ್ಯವು ಲೋಕಕ್ಕೆ ತಿಳಿದದ್ದು. ಆಗ ಮುಂದಿನ ಟ್ಯಾಂಕುಗಳು ನೆತ್ತಿಯ ಮೇಲೆ ಕಟ್ಟಿಗೆಯ ದೊಡ್ಡ ಹೊರೆಗಳನ್ನು ಹೊತ್ತು ತಂದು ಜರ್ಮನರ ಕಂದಕಗಳೊಳಗೆ ಕೆಡವಿ, ಅವುಗಳ ಮೇಲೆ ಹಾಯ್ದು ಹೋದವು. ಈ ಕಟ್ಟಿಗೆಯ ಹೊರೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಯುದ್ಧಾನಂತರ 1923ರಲ್ಲಿ ಹೋಬಾರ್ಟರು ತಾವಾಗಿಯೇ ಟ್ಯಾಂಕು ದಳಕ್ಕೆ ವರ್ಗ ಮಾಡಿಸಿಕೊಂಡರು. ಕುದುರೆ ಸವಾರರ ಪ್ರತಿಷ್ಠೆ ಇನ್ನೂ ಇಳಿಯದಿದ್ದ ಕಾಲವದು. ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ನಾಲ್ಕು ವರ್ಷ ಅಧ್ಯಾಪಕರಾಗಿದ್ದು ಅವರು ಈ ಹೊಸ ಶಾಸ್ತ್ರವನ್ನು ಬೋಧಿಸಿದರು. ಅಲ್ಲಿದ್ದಾಗಲೇ ಅವರ ವೈಯಕ್ತಿಕ ಜೀವನದಲ್ಲಿ ಒಂದು ಬಿರುಗಾಳಿ ಎದ್ದಿತು. ಅಧಿಕಾರಿಯೊಬ್ಬರ ಪತ್ನಿಯಾಗಿದ್ದ ಮಹಿಳೆಯನ್ನು, ಆಕೆಗೆ ವಿಚ್ಛೇದನವಾದ ಬಳಿಕ, 1928ರಲ್ಲಿ ಅವರು ವಿವಾಹವಾದರು. ಅಂದಿನ ಸೈನ್ಯಾಧಿಕಾರಿಗಳ ಸಮಾಜವು ಇದನ್ನು ಕ್ಷಮಿಸಲಿಲ್ಲ. ಮೊದಲೇ ಮುಂಗೋಪಿ, ನಿಷ್ಠುರವಾದಿ. ಮೂರ್ಖತನವನ್ನು ಕಂಡರೆ ಹಿರಿಯರೆಂದೂ ನೋಡದೆ ಮುಖಕ್ಕೆ ಹೇಳುವ ಸ್ವಭಾವ. ಶತ್ರುಗಳು ಹೆಚ್ಚುವುದಕ್ಕೆ ಇನ್ನೇನು ಬೇಕು? ಅವರ ತಂಗಿ ಎಲಿಜಬೆತ್ತಳನ್ನು ಮುಂದೆ ಜಗತ್ಪ್ರಸಿದ್ಧರಾದ ಬರ್ನಾರ್ಡ್ ಮಾಂಟ್‌ಗೊಮರಿಯವರು 1927ರಲ್ಲಿ ವರಿಸಿದ್ದರು. ಹತ್ತು ವರ್ಷಗಳ ದಾಂಪತ್ಯದ ನಂತರ ಕೀಟವೊಂದು ಕಚ್ಚಿ ಮೈ ನಂಜೇರಿ ಆಕೆಯು ತೀರಿಹೋದಳು.

1934ರಲ್ಲಿ ಬ್ರಿಟನ್ನಿನ ಮೊದಲ ಸ್ಥಾಯೀ ಟ್ಯಾಂಕು ಬ್ರಿಗೇಡಿನ ನಾಯಕತ್ವವು ಹೋಬಾರ್ಟರಿಗೆ ಬಂದಿತು. ಸಾಲ್ಸ್‌ಬರಿ ಬಯಲಿನಲ್ಲಿ ಅವರು ನೂರಾರು ಯಂತ್ರಗಳನ್ನು ರೇಡಿಯೋ ಆಜ್ಞೆಯಿಂದ ನಡೆಸುವುದನ್ನು ರೂಢಿಗೆ ತಂದರು. ರಾತ್ರಿಯ ಸಂಚಾರವನ್ನೂ, ಶತ್ರುವಿನ ಬೆನ್ನ ಹಿಂದೆ ಬಹುದೂರ ನುಗ್ಗುವುದನ್ನೂ ಅಭ್ಯಾಸ ಮಾಡಿಸಿದರು. ಇಂಗ್ಲೆಂಡಿನ ಈ ಪ್ರಯೋಗಗಳನ್ನು ಜರ್ಮನಿಯ ತರುಣ ಸೇನಾನಿಗಳು ಆಸಕ್ತಿಯಿಂದ ಗಮನಿಸುತ್ತಿದ್ದರು. ಸ್ವದೇಶದ ಹಿರಿಯರಲ್ಲಿ ಹಲವರಿಗೆ ಮಾತ್ರ ಇದು ಹುಚ್ಚಾಟವಾಗಿ ಕಂಡಿತು.

ಆದರೆ ಹಿರಿಯರೆಲ್ಲರೂ ಮೂಢರು, ಹೋಬಾರ್ಟರೊಬ್ಬರೇ ಜ್ಞಾನಿಗಳು ಎನ್ನುವುದು ನ್ಯಾಯವಲ್ಲ. ಅವರ ನಂಬಿಕೆಯಲ್ಲಿ ಒಂದು ದೊಡ್ಡ ದೋಷವಿದ್ದಿತು. ಟ್ಯಾಂಕುಗಳು ಸ್ವತಂತ್ರವಾಗಿ, ತಾವೇ ತಾವಾಗಿ ಯುದ್ಧವನ್ನು ಗೆಲ್ಲಬಲ್ಲವೆಂದು ಅವರು ಬಗೆದಿದ್ದರು. ಪದಾತಿಗೆ, ತೋಪಿನ ದಳಕ್ಕೆ, ಇಂಜಿನಿಯರುಗಳಿಗೆ ಅವರ ಯೋಜನೆಯಲ್ಲಿ ದೊರೆತದ್ದು ಕಿರಿದಾದ ಸ್ಥಾನ. ಬ್ರಿಟಿಷರು ಆಗ ಟ್ಯಾಂಕುಗಳನ್ನೇ ಎರಡು ಜಾತಿಯಾಗಿ ವಿಂಗಡಿಸಿದ್ದರು: ಪದಾತಿಯೊಡನೆ ನಿಧಾನವಾಗಿ ನಡೆಯುವ ದಪ್ಪ ಕವಚದ ಭಾರೀ ಟ್ಯಾಂಕು, ದೂರ ಓಡುವ ತೆಳು ಕವಚದ ವೇಗದ ಟ್ಯಾಂಕು. ಹೋಬಾರ್ಟರ ಮನಸ್ಸು ಎರಡನೆಯದರ ಕಡೆಗಿತ್ತು.

ಈಜಿಪ್ಟಿನಿಂದ ಹೊರಕ್ಕೆ

1938ರಲ್ಲಿ ಅವರನ್ನು ಈಜಿಪ್ಟಿಗೆ ಕಳುಹಿಸಲಾಯಿತು. ಅಲ್ಲಿ ಹಳೆಯ ಟ್ಯಾಂಕುಗಳು, ಸವೆದ ಚಕ್ರಪಟ್ಟಿಗಳು, ಮರುಭೂಮಿಯ ಪರಿಚಯವಿಲ್ಲದ ಜನ. ಅವುಗಳಿಂದಲೇ ಒಂದು ಸಂಚಾರೀ ಡಿವಿಜನ್ನನ್ನು ಅವರು ಕಟ್ಟಿ ಹದಗೊಳಿಸಿದರು. ಮರಳಿನಲ್ಲಿ ದಿಕ್ಕು ಹಿಡಿಯುವುದು, ಚದರಿ ನಡೆದು ಕ್ಷಣದಲ್ಲಿ ಒಂದುಗೂಡುವುದು, ನೀರು ಮತ್ತು ತೈಲವನ್ನು ದೂರಕ್ಕೆ ಸಾಗಿಸುವುದು, ಎಲ್ಲವನ್ನೂ ಕಲಿಸಿದರು. ಮುಂದೆ 7ನೆಯ ಆರ್ಮರ್ಡ್ ಡಿವಿಜನ್ ಎಂಬ ಹೆಸರಿನಿಂದ ಮರುಭೂಮಿಯ ಇಲಿಗಳೆಂಬ ಬಿರುದನ್ನು ಪಡೆದ ಸೈನ್ಯವು ಇದೇ.

ಫಲವನ್ನು ಕಾಣುವ ಭಾಗ್ಯವು ಕಟ್ಟಿದವರಿಗೆ ಇರಲಿಲ್ಲ. ಮೇಲಧಿಕಾರಿ ಜನರಲ್ ವಿಲ್ಸನ್ನರೊಡನೆ ಭಿನ್ನಾಭಿಪ್ರಾಯವು ಬೆಳೆದು, ಅವರ ಮೇಲಿನ ಜನರಲ್ ವೇವೆಲ್ಲರೂ ವಿಲ್ಸನ್ನರ ಮಾತನ್ನೇ ಎತ್ತಿಹಿಡಿದರು. 1940ರಲ್ಲಿ ಹೋಬಾರ್ಟರಿಗೆ ಕಡ್ಡಾಯ ನಿವೃತ್ತಿಯಾಯಿತು. ವಯಸ್ಸು 54. ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನ್ ಟ್ಯಾಂಕುಗಳು ಫ್ರಾನ್ಸನ್ನು ಸೀಳಿಕೊಂಡು ಸಮುದ್ರದವರೆಗೆ ಓಡಿದಾಗ, ಆ ವಿದ್ಯೆಯಲ್ಲಿ ಬ್ರಿಟನ್ನಿನ ಅಗ್ರಗಣ್ಯರು ಇಂಗ್ಲೆಂಡಿನ ಚಿಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಊರಿನ ಗೃಹರಕ್ಷಕ ದಳದಲ್ಲಿ ಲಾನ್ಸ್ ಕಾರ್ಪೊರಲ್ ಆಗಿದ್ದರು. ಮೇಜರ್ ಜನರಲ್ ಎಲ್ಲಿ, ಲಾನ್ಸ್ ಕಾರ್ಪೊರಲ್ ಎಲ್ಲಿ! ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತವರು ಅದೇ ಬೀದಿಯ ಇನ್ನೊಂದು ಹೋಟೆಲಿನಲ್ಲಿ ಮೇಜು ಒರೆಸಲು ನಿಂತಂತೆ. ಆದರೂ ಅವರು ಆ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಊರ ಕಾವಲನ್ನು ಶ್ರದ್ಧೆಯಿಂದಲೇ ಏರ್ಪಡಿಸಿದರು.

ಅವರಿಲ್ಲದೆಯೇ ಅವರ ಸೈನ್ಯವು ಅದೇ ಡಿಸೆಂಬರಿನಲ್ಲಿ ಇಟಲಿಯವರ ಮೇಲೆ ಬಿದ್ದಿತು. ಎರಡು ತಿಂಗಳಲ್ಲಿ ಲಕ್ಷಕ್ಕೂ ಮಿಕ್ಕಿ ಶತ್ರುಸೈನಿಕರು ಸೆರೆಯಾದರು. ಈ ಸಮರದಲ್ಲಿ ಒಂದು ಸಂಗತಿಯು ನಮ್ಮ ಪ್ರಶ್ನೆಗೆ ಸಂಬಂಧಿಸಿದೆ. ಡಿಸೆಂಬರ್ 9ರಂದು ನಿಬೇವಾ ಎಂಬ ಬಿಡಾರವನ್ನು ಮೊದಲು ಭೇದಿಸಿದವು ಹೋಬಾರ್ಟರಿಗೆ ಪ್ರಿಯವಾದ ವೇಗದ ಟ್ಯಾಂಕುಗಳಲ್ಲ. ಸುಮಾರು 26 ಟನ್ನು ತೂಗುವ, ನಿಧಾನಗತಿಯ ಮಟಿಲ್ಡಾಗಳು. ಇಟಲಿಯವರ ಗುಂಡುಗಳು ಅವುಗಳ ಮೈಗೆ ತಾಗಿ ಸಿಡಿದು ಬೀಳುತ್ತಿದ್ದವು. ಅವುಗಳ ಬೆನ್ನಿಗೇ ನಡೆದವರು ನಮ್ಮ 4ನೆಯ ಭಾರತೀಯ ಡಿವಿಜನ್ನಿನ ಪದಾತಿಗಳು. ಭಾರದ ಟ್ಯಾಂಕು ಬಾಗಿಲನ್ನು ಮುರಿಯಿತು, ಪದಾತಿಯು ಒಳಹೊಕ್ಕಿತು, ವೇಗದ ಟ್ಯಾಂಕು ಓಡುವವರನ್ನು ಅಡ್ಡಗಟ್ಟಿತು. ಮೂವರೂ ಕೂಡಿದಾಗ ಮಾತ್ರ ಜಯ.

ಡಿಯೆಪ್ಪಿನ ಕಲ್ಲುಗಳು

ಹೋಬಾರ್ಟರ ವಿಷಯವು ಪತ್ರಿಕೆಯ ಲೇಖನವೊಂದರ ಮೂಲಕ ಬೆಳಕಿಗೆ ಬಂದು, ಪ್ರಧಾನಿ ಚರ್ಚಿಲ್ಲರು ಅವರನ್ನು ಕರೆಸಿಕೊಂಡರು. 1941ರಲ್ಲಿ 11ನೆಯ ಆರ್ಮರ್ಡ್ ಡಿವಿಜನ್ನನ್ನು ಕಟ್ಟುವ ಹೊಣೆ ಬಂದಿತು. ಅದನ್ನೂ ಕಟ್ಟಿ ಮುಗಿಸುವ ಹೊತ್ತಿಗೆ ಆರೋಗ್ಯ ಸಾಲದೆಂಬ ವೈದ್ಯಕೀಯ ಕಾರಣದಿಂದ ಮತ್ತೆ ಹೊರಹಾಕುವ ಪ್ರಯತ್ನವು ನಡೆಯಿತು. ಚರ್ಚಿಲ್ಲರು ಪುನಃ ಅಡ್ಡ ಬಂದರು. ಆ ಡಿವಿಜನ್ ಕೈತಪ್ಪಿದರೂ 1942ರ ಅಕ್ಟೋಬರಿನಲ್ಲಿ ಹೊಸದಾಗಿ ಹುಟ್ಟಿದ 79ನೆಯ ಆರ್ಮರ್ಡ್ ಡಿವಿಜನ್ ಅವರ ಪಾಲಿಗೆ ದೊರೆಯಿತು.

ಅಷ್ಟರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಒಂದು ದುರಂತವು ನಡೆದುಹೋಗಿತ್ತು. 1942ರ ಆಗಸ್ಟ್ 19ರಂದು ಡಿಯೆಪ್ ಎಂಬ ಬಂದರಿನ ಮೇಲೆ ಸುಮಾರು 5,000 ಕೆನಡಾ ಸೈನಿಕರು ದಾಳಿಯಿಟ್ಟರು. ಜೊತೆಯಲ್ಲಿ ಚರ್ಚಿಲ್ ಎಂಬ ಹೆಸರಿನ, 40 ಟನ್ನಿನ ಸುಮಾರಿನ ಭಾರೀ ಟ್ಯಾಂಕುಗಳಿದ್ದವು. ದಡದಲ್ಲಿದ್ದದ್ದು ಮರಳಲ್ಲ, ಉರುಟು ಕಲ್ಲುಗಳು. ಕಲ್ಲು ಸಿಕ್ಕಿಕೊಂಡು ಕೆಲವು ಟ್ಯಾಂಕುಗಳ ಪಟ್ಟಿಗಳು ಹರಿದವು. ದಡವನ್ನೇರಿದವುಗಳಿಗೆ ಬೀದಿಯ ಬಾಯಿಗೆ ಕಟ್ಟಿದ್ದ ಕಾಂಕ್ರೀಟು ಗೋಡೆಗಳು ಅಡ್ಡವಾದವು. ಗೋಡೆಯನ್ನು ಸಿಡಿಸಬೇಕಾದ ಇಂಜಿನಿಯರುಗಳು ಬಯಲಿನಲ್ಲಿ ಓಡುತ್ತಿರುವಾಗಲೇ ಗುಂಡಿಗೆ ಬಲಿಯಾದರು. ಒಂದು ಟ್ಯಾಂಕೂ ಊರೊಳಕ್ಕೆ ಹೋಗಲಾರದೆ ಹೋಯಿತು. 900ಕ್ಕೂ ಹೆಚ್ಚು ಕೆನಡಾದವರು ಮಡಿದರು.

ಟ್ಯಾಂಕಿನ ಕವಚವು ದಪ್ಪವಾಗಿಯೇ ಇದ್ದಿತು. ಕೊರತೆಯಾದದ್ದು ಕವಚವಲ್ಲ, ದಾರಿ. ಭಾರೀ ಟ್ಯಾಂಕು ಎಷ್ಟೇ ಬಲಿಷ್ಠವಾಗಿದ್ದರೂ ಕಲ್ಲು, ಗೋಡೆ, ಕಂದಕ, ನೆಲಬಾಂಬುಗಳ ಮುಂದೆ ಕಾಲು ಕಟ್ಟಿದ ಆನೆ. 1943ರ ವಸಂತದಲ್ಲಿ ಸೇನಾಮುಖ್ಯರಾದ ಅಲನ್ ಬ್ರೂಕರು ಈ ಕೊರತೆಯನ್ನು ನೀಗಿಸುವ ಕಾರ್ಯವನ್ನು ಹೋಬಾರ್ಟರಿಗೂ ಅವರ 79ನೆಯ ಡಿವಿಜನ್ನಿಗೂ ಒಪ್ಪಿಸಿದರು.

ವಿಚಿತ್ರ ವಾಹನಗಳ ದಳ

ಮುಂದಿನ ಒಂದು ವರ್ಷ ಹೋಬಾರ್ಟರಲ್ಲಿ ಹಳೆಯ ಸ್ಯಾಪರು ಮತ್ತೆ ಎಚ್ಚತ್ತನು. ಸಫೋಕಿನ ಆರ್ಫರ್ಡ್ ಬಳಿಯ ಹಳ್ಳಿಗಳನ್ನು ತೆರವು ಮಾಡಿಸಿ, ಅಲ್ಲಿ ಜರ್ಮನರ ಕೋಟೆಗೋಡೆಗಳ ಪ್ರತಿರೂಪಗಳನ್ನು ಕಟ್ಟಿಸಿ, ಕಟ್ಟಿದ್ದನ್ನು ಒಡೆಸಿ, ಮತ್ತೆ ಕಟ್ಟಿಸಿದರು.

ಆ ದಳದ ಯಂತ್ರಗಳನ್ನು ಕಂಡವರು ನಗುತ್ತಿದ್ದರಂತೆ. ಒಂದು ಟ್ಯಾಂಕಿನ ಮುಂದೆ ತಿರುಗುವ ಉರುಳೆ, ಅದಕ್ಕೆ ಹತ್ತಾರು ಸರಪಳಿಗಳು. ಕಣದಲ್ಲಿ ತೆನೆ ಬಡಿಯುವಂತೆ ಅದು ನೆಲವನ್ನು ಬಡಿಯುತ್ತಾ ಹೋಗಿ ನೆಲಬಾಂಬುಗಳನ್ನು ಸಿಡಿಸುತ್ತಿತ್ತು. ಇನ್ನೊಂದರಲ್ಲಿ ತೋಪಿನ ಬದಲು ಗಿಡ್ಡ ಬಾಯಿಯ ಮಾರ್ಟರು. ಅದು ಎಸೆಯುವ 18 ಕಿಲೋ ತೂಕದ ಗುಂಡು ಕಾಂಕ್ರೀಟನ್ನು ಪುಡಿಮಾಡುತ್ತಿತ್ತು. ಗುಂಡಿನ ಮಳೆಯಲ್ಲಿ ಬಯಲಿಗಿಳಿಯದೆ ಇಂಜಿನಿಯರುಗಳು ಚರ್ಚಿಲ್ ಟ್ಯಾಂಕಿನ ಒಳಗಿದ್ದೇ ಕೆಲಸ ಮಾಡುವಂತಾಯಿತು. ಮತ್ತೊಂದು ಸೇತುವೆಯನ್ನು ಹೊತ್ತು ನಡೆಯುವುದು. ಬೇರೊಂದು ದಪ್ಪ ಬಟ್ಟೆಯ ಹಾಸನ್ನು ಕೆಸರಿನ ಮೇಲೆ ಬಿಚ್ಚುತ್ತ ಹೋಗುವುದು. ಕಾಂಬ್ರೆಯ ಕಟ್ಟಿಗೆಯ ಹೊರೆಯೂ ಮರಳಿ ಬಂದಿತು. ನೀರಿನಲ್ಲಿ ಈಜುವ ಟ್ಯಾಂಕಿಗೆ ಸುತ್ತಲೂ ಕ್ಯಾನ್‌ವಾಸಿನ ತೆರೆ, ಹಿಂದೆ ಎರಡು ಪಂಖಗಳು. ಬೆಂಕಿಯನ್ನು ನೂರು ಮೀಟರಿನಷ್ಟು ದೂರ ಉಗುಳುವ ಚರ್ಚಿಲ್ ಟ್ಯಾಂಕಂತೂ ಘೋರವಾದದ್ದು. ಅದನ್ನು ಕಂಡೊಡನೆ ಕೈಯೆತ್ತಿ ಶರಣಾದವರು ಅನೇಕರು. ಶರಣಾಗದವರ ಗತಿಯನ್ನು ಬರೆಯುವುದು ಬೇಡ.

ಇವೆಲ್ಲವೂ ಹೋಬಾರ್ಟರ ಸ್ವಂತ ಸೃಷ್ಟಿಯಲ್ಲ. ಈಜುವ ಟ್ಯಾಂಕು ಹಂಗೆರಿಯಲ್ಲಿ ಹುಟ್ಟಿದ ಸ್ಟ್ರಾಸ್ಲರರದು. ಸರಪಳಿಯ ಉಪಾಯವು ದಕ್ಷಿಣ ಆಫ್ರಿಕದ ಅಧಿಕಾರಿ ಡು ಟೋಯಿಟ್ ಅವರದು. ಇಂಜಿನಿಯರುಗಳ ಟ್ಯಾಂಕು ಡಿಯೆಪ್ಪಿನ ಬಳಿಕ ಕೆನಡಾದವರಿಗೆ ಹೊಳೆದದ್ದು. ಹೋಬಾರ್ಟರ ಹಿರಿಮೆಯು ಬೇರೆ. ಇವುಗಳನ್ನೆಲ್ಲ ಒಂದೆಡೆ ಕೂಡಿಸಿ, ದೋಷಗಳನ್ನು ತಿದ್ದಿ, ಯಾವುದರ ಹಿಂದೆ ಯಾವುದು ನಡೆಯಬೇಕೆಂಬ ಕ್ರಮವನ್ನು ಸಾವಿರಾರು ಜನಕ್ಕೆ ಕಲಿಸಿದವರು ಅವರು. 1943ರಲ್ಲಿ ಅವರಿಗೆ ಸರ್ ಪದವಿಯು ಲಭಿಸಿತು.

ನಾರ್ಮಂಡಿಯ ಬೆಳಗು

1943ರ ಕೊನೆಯ ರಾತ್ರಿ ಇಬ್ಬರು ಬ್ರಿಟಿಷ್ ಈಜುಗಾರರು ನಾರ್ಮಂಡಿಯ ದಡಕ್ಕೆ ಕಳ್ಳತನದಲ್ಲಿ ಹೋಗಿ ಮರಳಿನ ಮಾದರಿಗಳನ್ನು ಕೊಳವೆಗಳಲ್ಲಿ ತುಂಬಿ ತಂದರು. ದಡದ ನೆಲವು ಟ್ಯಾಂಕಿನ ಭಾರವನ್ನು ತಾಳಬಲ್ಲುದೇ ಎಂಬುದನ್ನು ಪರೀಕ್ಷಿಸುವುದಕ್ಕಾಗಿ ಇಷ್ಟು ಸಾಹಸ. ಮೆತ್ತನೆಯ ಜೇಡಿಯಿರುವ ಕಡೆ ಬಟ್ಟೆಯ ಹಾಸು ಹಾಸುವ ಟ್ಯಾಂಕು ಬೇಕೆಂಬುದು ಹೀಗೆ ನಿಶ್ಚಯವಾಯಿತು.

1944ರ ಜೂನ್ 6ರಂದು ಬ್ರಿಟಿಷರೂ ಕೆನಡಾದವರೂ ಇಳಿದ ಮೂರು ದಡಗಳಲ್ಲಿ ಹೋಬಾರ್ಟರ ಯಂತ್ರಗಳು ಪದಾತಿಯ ಮುಂದೆಯೇ ಇದ್ದವು. ಸರಪಳಿ ಟ್ಯಾಂಕು ಬಾಂಬುಗಳನ್ನು ಸಿಡಿಸಿತು. ಹೊರೆಯ ಟ್ಯಾಂಕು ಕಂದಕವನ್ನು ತುಂಬಿತು. ಮಾರ್ಟರಿನ ಟ್ಯಾಂಕು ಗೋಡೆಯನ್ನು ಒಡೆಯಿತು. ಅವುಗಳಲ್ಲಿಯೂ ಅನೇಕವು ಸುಟ್ಟುಹೋದವು, ಒಳಗಿದ್ದವರು ಮಡಿದರು. ಆದರೆ ಡಿಯೆಪ್ ಮರುಕಳಿಸಲಿಲ್ಲ.

ಅಮೆರಿಕನರು ಈ ಯಂತ್ರಗಳಲ್ಲಿ ಈಜುವ ಟ್ಯಾಂಕನ್ನು ಮಾತ್ರ ಸ್ವೀಕರಿಸಿದ್ದರು. ಒಮಾಹಾ ಎಂದು ಕರೆದ ದಡದಲ್ಲಿ ಅವರ ಒಂದು ದಳವು 29 ಟ್ಯಾಂಕುಗಳನ್ನು ಅಲೆಗಳೆದ್ದ ಕಡಲಿಗೆ ದೂರದಲ್ಲಿಯೇ ಇಳಿಸಿತು, 27 ಮುಳುಗಿದವು. ಅಲ್ಲಿ ಸಾವಿರಗಟ್ಟಲೆ ಜನರು ಸತ್ತು ಗಾಯಗೊಂಡರು. ಉಳಿದ ಯಂತ್ರಗಳಿದ್ದರೆ ಆ ಪ್ರಾಣಗಳು ಉಳಿಯುತ್ತಿದ್ದವೇ ಎಂಬುದು ಇಂದಿಗೂ ಚರ್ಚೆಯ ವಿಷಯ. ಅಲ್ಲಿನ ದಿಬ್ಬಗಳು ಕಡಿದಾಗಿದ್ದವು, ಕಾವಲೂ ಬಲವಾಗಿದ್ದಿತು ಎಂಬುದನ್ನು ಮರೆಯಲಾಗದು.

ಸೆಪ್ಟೆಂಬರಿನಲ್ಲಿ ಲ ಆವ್ರ್ ಬಂದರಿನ ಕೋಟೆಯು ಈ ಯಂತ್ರಗಳ ನೆರವಿನಿಂದ ಎರಡೇ ದಿನಗಳಲ್ಲಿ ವಶವಾಯಿತು. 11,000ಕ್ಕೂ ಹೆಚ್ಚು ಜರ್ಮನರು ಸೆರೆಯಾದರು. ಅದಕ್ಕೆ ಮುಂಚಿನ ಬಾಂಬಿನ ಮಳೆಯಲ್ಲಿ ಸುಮಾರು 2,000 ಮಂದಿ ಊರ ಜನರು ಸತ್ತರೆಂಬುದನ್ನೂ ಜೊತೆಗೆ ಬರೆಯಲೇಬೇಕು.

79ನೆಯ ಡಿವಿಜನ್ನಿನ ವೈಚಿತ್ರ್ಯವು ಇಲ್ಲಿದೆ. ಸಾವಿರಕ್ಕೂ ಮಿಕ್ಕಿದ ಕವಚವಾಹನಗಳಿದ್ದ ಆ ಮಹಾದಳವು ಒಮ್ಮೆಯೂ ಒಂದು ಸೈನ್ಯವಾಗಿ ನಿಂತು ಕಾದಲಿಲ್ಲ. ಇಲ್ಲಿಗೆ ನಾಲ್ಕು, ಅಲ್ಲಿಗೆ ಹತ್ತು ಎಂದು ಇತರರ ಸೈನ್ಯಗಳಿಗೆ ಅದನ್ನು ಹಂಚಿಕೊಡಲಾಯಿತು. ಟ್ಯಾಂಕುಗಳು ಒಂಟಿಯಾಗಿಯೇ ಗೆಲ್ಲಬೇಕೆಂದು ಯೌವನದಲ್ಲಿ ಸಾಧಿಸಿದ್ದ ಹೋಬಾರ್ಟರು ಮುಪ್ಪಿನಲ್ಲಿ ಒಂದು ರಣದಿಂದ ಇನ್ನೊಂದಕ್ಕೆ ಓಡಾಡುತ್ತ, ತಮ್ಮ ಯಂತ್ರಗಳನ್ನು ಪದಾತಿಯ ಸೇವೆಗೆ ಹೇಗೆ ಬಳಸಬೇಕೆಂಬುದನ್ನು ಇತರ ದಳಪತಿಗಳಿಗೆ ತಿಳಿಹೇಳಿದರು. ಗೆಲವಿನ ಹೆಸರು ಬೇರೆಯವರಿಗೆ ಹೋಯಿತು. 1945ರ ಮಾರ್ಚಿನಲ್ಲಿ ರೈನ್ ನದಿಯನ್ನು ದಾಟಿಸಿದ್ದೂ ಅವರ ದಳದ ನೀರುವಾಹನಗಳೇ. ಆಗಸ್ಟಿನಲ್ಲಿ ಡಿವಿಜನ್ನನ್ನು ವಿಸರ್ಜಿಸಲಾಯಿತು.

1946ರಲ್ಲಿ ನಿವೃತ್ತರಾದ ಹೋಬಾರ್ಟರು 1948ರಿಂದ 1953ರವರೆಗೆ ಲಂಡನ್ನಿನ ಚೆಲ್ಸಿಯಲ್ಲಿರುವ ವೃದ್ಧ ಸೈನಿಕರ ಆಶ್ರಯಧಾಮದಲ್ಲಿ ಉಪರಾಜ್ಯಪಾಲರೆಂಬ ಹುದ್ದೆಯಲ್ಲಿದ್ದು ಮುದುಕರಾದ ಸಿಪಾಯಿಗಳ ಯೋಗಕ್ಷೇಮವನ್ನು ನೋಡಿಕೊಂಡರು. 1957ರ ಫೆಬ್ರವರಿ 19ರಂದು, ತಮ್ಮ 71ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಫಾರ್ನಮ್ಮಿನಲ್ಲಿ ದೇಹವಿಟ್ಟರು.

ಉಳಿದ ಪ್ರಶ್ನೆ

ಬರಿಯ ಭಾರದಿಂದ ಏನೂ ಸಾಧಿಸದೆಂಬುದಕ್ಕೆ ಅದೇ ಯುದ್ಧದ ಜರ್ಮನರೇ ಸಾಕ್ಷಿ. ಅವರ ಟೈಗರ್ 57 ಟನ್ನಿನದು. ನೇರ ಕಾಳಗದಲ್ಲಿ ಭಯಂಕರವಾದದ್ದು. ಆದರೆ ಸೇತುವೆಗಳು ತಾಳಲಿಲ್ಲ, ತೈಲವು ಸಾಲಲಿಲ್ಲ, ಕೆಟ್ಟುನಿಂತದ್ದನ್ನು ಎಳೆಯುವುದೇ ಕಷ್ಟವಾಯಿತು. ಕೊನೆಗೆ 188 ಟನ್ನಿನ ಮೌಸ್ ಎಂಬುದನ್ನೂ ಅವರು ನಿರ್ಮಿಸಿದರು. ಎರಡೇ ಯಂತ್ರಗಳು ತಯಾರಾದವು. ಯುದ್ಧದ ಗತಿಯು ಅವುಗಳಿಂದ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಭಾರವು ಎಷ್ಟಿರಬೇಕೆಂಬುದನ್ನು ನೆಲವು ಹೇಳುತ್ತದೆ. 1948ರ ನವೆಂಬರ್ 1ರಂದು ಕೊಡಗಿನ ವೀರಪುತ್ರ ಜನರಲ್ ತಿಮ್ಮಯ್ಯನವರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ದಂಗುಬಡಿಸಿದರು. ಅವು ಸುಮಾರು 14 ಟನ್ನಿನ ಹಗುರವಾದ ಸ್ಟುವರ್ಟುಗಳು. ತಿರುಗುಗೋಪುರಗಳನ್ನು ಕಳಚಿ ಗುಟ್ಟಾಗಿ ಸಾಗಿಸಿದವು. ಅವುಗಳಿಗೆ ಹೇಸರಗತ್ತೆಯ ಹಾದಿಯನ್ನು ಅಗಲಿಸಿ ಕೊಟ್ಟವರು, ಇಂದಿಗೂ ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರುಗಳು. ಅಲ್ಲಿಯೂ ಟ್ಯಾಂಕಿಗೆ ಮುಂಚೆ ದಾರಿ. 2020ರ ಲಡಾಖ್ ಸಂಘರ್ಷದ ಬಳಿಕ ನಮ್ಮ ದೇಶವು ಭಾರೀ ಟ್ಯಾಂಕುಗಳನ್ನು ಉಳಿಸಿಕೊಂಡೇ, ಪರ್ವತಕ್ಕೆಂದು 25 ಟನ್ನಿನ ಜೋರಾವರ್ ಎಂಬ ಹಗುರ ಟ್ಯಾಂಕನ್ನು ನಿರ್ಮಿಸಲು ತೊಡಗಿತು. 2024ರ ಜುಲೈಯಲ್ಲಿ ಅದರ ಮಾದರಿಯು ಹೊರಬಂದಿತು.

2023ರ ಜೂನಿನಲ್ಲಿ ದಕ್ಷಿಣ ಉಕ್ರೇನಿನ ಬಯಲಿನಲ್ಲಿ ಜರ್ಮನಿಯ ಹೆಸರಾಂತ ಲೆಪರ್ಡ್ ಟ್ಯಾಂಕುಗಳು ನೆಲಬಾಂಬುಗಳ ನಡುವೆ ಸಿಕ್ಕಿಬಿದ್ದವು. ದಾರಿ ತೆರೆಯಬೇಕಾದ ಯಂತ್ರಗಳೂ ಅವುಗಳೊಡನೆಯೇ ಕೆಟ್ಟು ನಿಂತವು. ಮೇಲಿಂದ ಹೆಲಿಕಾಪ್ಟರು, ಡ್ರೋನುಗಳ ಕಾಟ. ನೋಡಿದವರು ಟ್ಯಾಂಕಿನ ಕಾಲವು ಮುಗಿಯಿತೆಂದರು. ಹೋಬಾರ್ಟರ ಜೀವನವನ್ನು ಬಲ್ಲವರಿಗೆ ಅಲ್ಲಿ ಕಂಡದ್ದು ಡಿಯೆಪ್ಪಿನ ಕಲ್ಲುದಡ. ಅಡ್ಡಿಯ ರೂಪವು ಬದಲಾಗಿದೆ. ಅಂದು ಕಾಂಕ್ರೀಟು ಗೋಡೆ, ಇಂದು ಅದರೊಡನೆ ಆಕಾಶದ ಕಣ್ಣು. ಅದನ್ನು ಕುರುಡುಮಾಡುವ, ನೆಲವನ್ನು ಶುದ್ಧಗೊಳಿಸುವ ಜೊತೆಗಾರರಿಲ್ಲದೆ ಭಾರೀ ಟ್ಯಾಂಕನ್ನು ಮುಂದಕ್ಕೆ ಕಳುಹಿಸುವುದು ಒಳಗಿರುವ ಮೂರು ನಾಲ್ಕು ತರುಣರನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೆಂಕಿಗೆ ಒಡ್ಡಿದಂತೆ. ಜೊತೆಗಾರರಿದ್ದರೆ, ಗುಂಡಿನೆದುರು ಬರಿಮೈಯಲ್ಲಿ ನಡೆಯುವ ಪದಾತಿಗೆ ಅದಕ್ಕಿಂತ ಮಿಗಿಲಾದ ಆಸರೆಯು ಇನ್ನೂ ಹುಟ್ಟಿಲ್ಲ.

ಆದುದರಿಂದ ಟ್ಯಾಂಕಿನ ತೂಕವೆಷ್ಟೆಂದು ಕೇಳುವುದಕ್ಕೆ ಮುಂಚೆ, ಅದರ ಮುಂದೆ ದಾರಿ ಬಿಡಿಸುವವರು ಯಾರು, ಹಿಂದೆ ನಡೆಯುವವರು ಯಾರು ಎಂದು ಕೇಳಬೇಕು. ನೈನಿತಾಲಿನಲ್ಲಿ ಹುಟ್ಟಿದ ಆ ಮುಂಗೋಪದ ದಳಪತಿಗಳು ಇದನ್ನು ಕಲಿಯುವುದಕ್ಕೆ ಐವತ್ತೆಂಟು ವರ್ಷ ಹಿಡಿಯಿತು. ಕಲಿತ ಮೇಲೆ ಅವರು ತಮ್ಮ ಹಳೆಯ ಹಟವನ್ನು ಬಿಟ್ಟರು. ನಾರ್ಮಂಡಿಯ ದಡದಿಂದ ಜೀವಂತರಾಗಿ ಮನೆಗೆ ಮರಳಿದ ಎಷ್ಟೋ ಸಿಪಾಯಿಗಳು ಅದರ ಫಲವನ್ನು ಉಂಡರು.